ನಡುವಿನ ಸಾಲುಗಳು

ಮಲಪ್ರಭೆಯ ದಂಡೆಗೆ ಒಂದು ಆಶ್ರಮ. ಆಶ್ರಮ ಅಂದಕೂಡಲೆ ದೊಡ್ಡದೇನೋ ಅಂದುಕೊಳ್ಳಬೇಡಿ. ಒಂದು ಗದ್ದುಗೆ, ಒಂದು ಬೇವಿನ ಮರ, ಸೋರುವ ಹೆಂಚಿನ ಕೆಲವು ಕೋಣೆ, ಅಷ್ಟೆ.

ಅದರಲ್ಲೊಂದು ಕೋಣೆಯಲ್ಲಿ ಗುರುಸಿದ್ಧವ್ವ ಅಕ್ಕೋರು ಇದ್ದರು. ಶಾಲೆ ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿ, ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದು ಕೂತವರು. ಈಗ ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಕಿವಿ ಚುರುಕು. ನಾಲಿಗೆ ಅದಕ್ಕಿಂತ ಚುರುಕು.

ಒಂದು ಮುಂಜಾನೆ ಕಲ್ಮೇಶ ಅನ್ನುವ ತರುಣ ಬಂದು ಅವರ ಪಾದ ಮುಟ್ಟಿದ.

“ಅಕ್ಕೋರ, ನನಗ ಇಂಗ್ಲಿಷ್ ಕಲಸ್ರಿ.”

“ಯಾಕ?”

“ಕೆಲಸಕ್ಕ ಬೇಕ್ರಿ.”

“ಏನ್ ಕೆಲಸ ಮಾಡ್ತಿ?”

“ಹಳೇ ಫೋಟೋ ಸುಧಾರಸ್ತೀನ್ರಿ. ಹರದಿದ್ದು, ನೀರು ಬಿದ್ದಿದ್ದು, ಬಣ್ಣ ಹೋಗಿದ್ದು. ಮನ್ಯಾಗ ಕುಂತು ಕಂಪ್ಯೂಟರಿನ್ಯಾಗ ಮಾಡ್ತೀನಿ. ಬ್ಯಾರೆ ಬ್ಯಾರೆ ದೇಶದವರು ಆನ್‌ಲೈನಿನ್ಯಾಗ ಕಳಸ್ತಾರ.”

“ಕೆಲಸ ನಡದೈತೇನು?”

“ನಡದೈತ್ರಿ.”

“ಹಂಗಾರ ಬೇಕಾದಷ್ಟು ಇಂಗ್ಲಿಷ್ ಬಂದೈತಿ. ಹೋಗು.”

ಕಲ್ಮೇಶ ಹೋದ. ಕೆಲವು ದಿನ ಬಿಟ್ಟು ಮತ್ತೆ ಬಂದ.

“ದೊಡ್ಡ ದೊಡ್ಡ ಕೆಲಸ ಹಿಡೀಬೇಕಂದ್ರ ಚಲೋ ಇಂಗ್ಲಿಷ್ ಬೇಕ್ರಿ ಅಕ್ಕೋರ.”

“ಪ್ಯಾಟ್ಯಾಗ ಕ್ಲಾಸ್ ಅದಾವು. ಫೋನಿನ್ಯಾಗ ಕ್ಲಾಸ್ ಅದಾವು. ಅದನ್ನೆಲ್ಲ ಬಿಟ್ಟು ಕಣ್ಣಿಲ್ಲದ ಮುದುಕಿ ಕಡೆ ಯಾಕ ಬಂದಿ?”

ಕಲ್ಮೇಶ ಎದ್ದು ಹೋದ.

ಆಮೇಲೆ ಬಂದಾಗ ಏನೂ ಕೇಳಲಿಲ್ಲ. ಅಕ್ಕೋರು ನದಿಯ ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಕೂತಿದ್ದರು. ಒಂದು ಮೆಟ್ಟಿಲು ಕೆಳಗೆ ತಾನೂ ಕೂತ. ನೀರು ಹರಿಯುವುದನ್ನು ನೋಡತೊಡಗಿದ.

“ಅಳಾಕತ್ತಿಯೇನು?” ಅಂದರು ಅಕ್ಕೋರು. ಅವನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು.

“ಒಬ್ಬಾಕಿಗೆ ತಪ್ಪಾತು ಅಂತ ಹೇಳಬೇಕ್ರಿ. ಹೇಳೂವಷ್ಟು ಇಂಗ್ಲಿಷ್ ನನ್ನ ಕಡೆ ಇಲ್ಲ.”

“ಹಾಂ. ಈಗ ಹೇಳು.”

ಕಲ್ಮೇಶ ಹೇಳಿದ.

ಡೊರೊತಿ ಅನ್ನುವ ಮುದುಕಿ. ಎಲ್ಲೋ ದೂರದ ಚಳಿ ದೇಶದವಳು. ಗಂಡನ ಹೆಸರು ವಾಲ್ಟರ್. ಮದುವೆಯಾದ ಹೊಸತರಲ್ಲಿ ಆಕೆಯೇ ತೆಗೆದ ಅವನ ಫೋಟೋ ಒಂದಿತ್ತು. ನೀರು ಬಿದ್ದು ಅರ್ಧ ಮುಖ ಕಲೆಯಾಗಿತ್ತು. ಅದನ್ನು ಸರಿಮಾಡಿ ಕೊಡು ಅಂತ ಕಲ್ಮೇಶನಿಗೆ ಕಳಿಸಿದ್ದಳು. ಅರ್ಧ ಕೆಲಸ ಮುಗಿದಾಗ ಅವನು ತೋರಿಸಿದ. ಆಮೇಲೆ ಬಹಳ ದಿನ ಆಕೆಯ ಸುದ್ದಿಯೇ ಇಲ್ಲ. ಕಡೆಗೊಂದು ಸಂದೇಶ ಬಂತು. ಉದ್ದದ್ದು.

ಈಗ ಈ ಕೆಲಸದವರ ಒಂದು ರೂಢಿ ಹೇಳಬೇಕು. ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವವರಿಗೆ ಉದ್ದ ಸಂದೇಶ ಬಂದರೆ ಮೊದಲ ಸಾಲು ಓದುತ್ತಾರೆ, ಕಡೆಯ ಸಾಲು ಓದುತ್ತಾರೆ. ನಡುವೆ ಇರುವುದೆಲ್ಲ ಬರೀ ಉಪಚಾರ ಅಂದುಕೊಂಡುಬಿಡುತ್ತಾರೆ. ಉತ್ತರಕ್ಕೆ ಸಿದ್ಧ ಮಾತುಗಳಿರುತ್ತವೆ. ಕೆಲಸ ಒಪ್ಪಿಕೊಳ್ಳುವುದಕ್ಕೆ ಒಂದು, ತಡವಾದರೆ ಒಂದು, ಗಿರಾಕಿ ಮೆಚ್ಚಿದರೆ ಒಂದು. ಯಾರೋ ಬಲ್ಲವರು ಬರೆದಿಟ್ಟ ತಪ್ಪಿಲ್ಲದ ಇಂಗ್ಲಿಷ್. ಒತ್ತಿದರೆ ಹೋಯಿತು. ಕಲ್ಮೇಶನ ಗೆಳೆಯರೆಲ್ಲ ಹಾಗೇ ಬದುಕು ನಡೆಸುತ್ತಿದ್ದರು. ಇದರಲ್ಲಿ ಮೋಸವೇನಿಲ್ಲ. ಅಂಜಿಕೆ, ಮತ್ತೇನಿಲ್ಲ.

ಡೊರೊತಿಯ ಮೊದಲ ಸಾಲು, ತಡವಾಗಿ ಬರೆಯುತ್ತಿದ್ದೇನೆ, ನಿನ್ನ ತಾಳ್ಮೆಗೆ ಧನ್ಯವಾದ ಅಂತ ಇತ್ತು. ಕಡೆಯ ಸಾಲು, ದೇವರು ನಿನ್ನ ಕೈಗಳಿಗೆ ಒಳ್ಳೆಯದು ಮಾಡಲಿ ಅಂತ.

ಮುದುಕಿಗೆ ಕೆಲಸ ಹಿಡಿಸಿದೆ ಅಂದುಕೊಂಡ. ಮೆಚ್ಚಿದವರಿಗೆ ಕಳಿಸುವ ಮಾತನ್ನು ಒತ್ತಿದ. ನಿಮ್ಮ ಸುದ್ದಿ ಓದಿ ನಮಗೆ ಬಹಳ ಸಂತೋಷವಾಯಿತು, ನಿಮ್ಮ ದಿನ ಆನಂದವಾಗಿರಲಿ, ಮತ್ತೆ ಇಂಥ ಅವಕಾಶಕ್ಕೆ ಕಾದಿರುತ್ತೇವೆ. ಕೆಳಗೊಂದು ನಗುವ ಮುಖದ ಚಿತ್ರ. ಜೊತೆಗೆ ಪೂರ್ತಿ ಮಾಡಿದ ಫೋಟೋ.

ಡೊರೊತಿ ಒಂದೇ ಸಾಲು ಬರೆದಳು. “ನಿನಗೆ ಸಂತೋಷವಾಯಿತಲ್ಲ, ಆಗಲಿ.”

ಚಿಕ್ಕದಾಗಿದ್ದರಿಂದ ಕಲ್ಮೇಶ ಅದನ್ನು ಪೂರ್ತಿ ಓದಿದ. ಮೆಚ್ಚಿದವರ ಮಾತಿನ ಹಾಗಿರಲಿಲ್ಲ. ಹಿಂದಿನ ಸಂದೇಶ ತೆಗೆದು ನಡುವಿನ ಸಾಲುಗಳಿಗೆ ಇಳಿದ. ವಾಲ್ಟರ್ ತೀರಿಕೊಂಡಿದ್ದ. ಅಷ್ಟು ತಿಳಿದದ್ದೇ ತಡ, ಫೋನು ಬೋರಲು ಹಾಕಿದ. ಮುಂದೆ ಓದಲು ಧೈರ್ಯವಾಗಲಿಲ್ಲ.

“ಆಮ್ಯಾಲ?” ಅಂದರು ಅಕ್ಕೋರು.

“ಆಮ್ಯಾಲ ಏನಿಲ್ರಿ. ಆಕಿ ಯಾರಿಗೂ ದೂರು ಹೇಳಿಲ್ಲ. ನನ್ನ ಕೆಲಸಕ್ಕ ಒಂದು ಕೆಟ್ಟ ಮಾತು ಬರದಿಲ್ಲ. ಬೈದಿದ್ರ ಚಲೋ ಇತ್ರಿ.”

“ತಪ್ಪಾತು ಅಂತ ಬರಿಯಾಕ ಇಷ್ಟು ಕಲೀಬೇಕೇನು? ಕಂಪ್ಯೂಟರಿಗೆ ಹೇಳಿದ್ರ ಬರದು ಕೊಡತೈತಂತಲ್ಲ.”

“ಕೊಟ್ಟಿತ್ರಿ. ಭಾಳ ಚಂದ ಬರದಿತ್ತು. ಓದಿ ನೋಡಿದ್ರ ಅದೂ ಆ ಸಿದ್ಧ ಮಾತಿನ ತಮ್ಮನಂಗ ಅನಿಸ್ತು. ಕಳಸಾಕ ಕೈ ಬರಲಿಲ್ಲ.”

ಅಕ್ಕೋರು ನದಿಯ ಕಡೆ ಮುಖ ಮಾಡಿದರು. ಅಗಸರ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು.

“ಆಕಿ ಬರದಿದ್ದು ನಿನ್ನ ಕಡೆ ಐತೇನು?”

“ಫೋನಿನ್ಯಾಗ ಐತ್ರಿ.”

“ಓದು.”

ಓದು ಅಂದರೆ ಸುಲಭವಾಯಿತೆ? ಕಲ್ಮೇಶ ಎಡವಿ ಎಡವಿ ಒಂದು ಸಾಲು ಓದಿದ. ಅಕ್ಕೋರು ಅರ್ಥ ಕೇಳಿದರು. ಗೊತ್ತಿಲ್ಲ ಅಂದ. ಅವರು ಬಿಡಿಸಿ ಹೇಳಿದರು. ಮತ್ತೆ ಓದಿಸಿದರು. ಆ ಸಾಲು ಅವನ ಬಾಯಲ್ಲಿ ನಿಂತ ಮೇಲೆ, ಅದನ್ನೇ ಅವನ ಮಾತಿನಲ್ಲಿ, ಅವನ ಅವ್ವನಿಗೆ ಹೇಳುವ ಹಾಗೆ ಹೇಳು ಅಂದರು. ಅಷ್ಟಾದ ಮೇಲೆಯೇ ಮುಂದಿನ ಸಾಲು.

ದಿನಾ ಅದೇ. ಬೆಳಿಗ್ಗೆ ಬರಬೇಕು, ಮೆಟ್ಟಿಲ ಮೇಲೆ ಕೂರಬೇಕು, ಅದೇ ಸಂದೇಶ, ಮೊದಲ ಸಾಲಿನಿಂದ. ಅವಸರ ಮಾಡಿದರೆ ಅಕ್ಕೋರು ತಡೆಯುತ್ತಿದ್ದರು.

“ಎಲ್ಲಿಗೆ ಓಡ್ತಿ? ಆಕಿ ಇನ್ನೂ ಇಲ್ಲೇ ನಿಂತಾಳ.”

ಒಂದು ದಿನ ಅವನಿಗೆ ಸಿಟ್ಟು ಬಂತು.

“ಅಕ್ಕೋರ, ನಾ ಬರಿಯೂದು ಕಲಿಯಾಕ ಬಂದೀನಿ. ನೀವು ಬರೇ ಓದಸ್ತೀರಿ. ಇದ್ರಾಗ ನನ್ನ ಇಂಗ್ಲಿಷ್ ಯಾವಾಗ ಸುಧಾರಿಸೂದು?”

“ಆಕಿಗೆ ನೀ ಕಳಿಸಿದ್ದರಾಗ ಒಂದಾದ್ರೂ ತಪ್ಪಿತ್ತೇನು?”

ಕಲ್ಮೇಶ ವಿಚಾರ ಮಾಡಿದ.

“ಇಲ್ರಿ. ಭಾಳ ಶುದ್ಧ ಇತ್ತು.”

“ಹಂಗಾರ ಓದು.”

ಓದುತ್ತ ಓದುತ್ತ ವಾಲ್ಟರ್ ಕಾಣತೊಡಗಿದ. ಅವನು ಬಸ್ಸು ಓಡಿಸುತ್ತಿದ್ದವನು. ಮಳೆಯಲ್ಲಿ ಓಡಿ ಬರುವವರನ್ನು ಕಂಡರೆ ನಿಲ್ಲಿಸುತ್ತಿದ್ದ, ಅದಕ್ಕಾಗಿ ಮೇಲಿನವರಿಂದ ಬೈಸಿಕೊಳ್ಳುತ್ತಿದ್ದ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ಡೊರೊತಿ ಕಲ್ಮೇಶನ ಅರ್ಧ ಕೆಲಸ ತೋರಿಸಿದ್ದಳು. ಈ ಚೆಲುವ ಯಾರು ಅಂತ ಕೇಳಿ ನಕ್ಕಿದ್ದನಂತೆ. ಆಮೇಲೆ ಅವನು ಹೆಚ್ಚು ದಿನ ಉಳಿಯಲಿಲ್ಲ.

ಪರದೇಶದ ಒಬ್ಬ ಬಸ್ ಡ್ರೈವರ್‌ಗಾಗಿ ತಾನು ಮಲಪ್ರಭೆಯ ದಂಡೆಯಲ್ಲಿ ಕೂತು ಅಳುವುದೆಂದರೆ ಕಲ್ಮೇಶನಿಗೇ ಸೋಜಿಗ. ಆದರೂ ಅತ್ತ. ಅಕ್ಕೋರು ಅಳಬೇಡ ಅನ್ನಲಿಲ್ಲ.

ಹಾಗೆ ಓದುತ್ತ ಒಂದು ಬೆಳಿಗ್ಗೆ ಆ ಸಾಲಿಗೆ ಬಂದ. ಫೋಟೋ ತೆಗೆದ ದಿನ ಡೊರೊತಿ ಕ್ಯಾಮೆರಾ ತಲೆಕೆಳಗೆ ಹಿಡಿದಿದ್ದಳು. ಅದನ್ನು ನೋಡಿ ವಾಲ್ಟರ್ ಕಣ್ಣು ಕಿರಿದು ಮಾಡಿ ನಕ್ಕಿದ್ದ. ಆ ನಗುವಿಗೆ ಕಣ್ಣಿನ ಸುತ್ತ ಗೆರೆ ಬಿದ್ದಿದ್ದವು. “ಬೇರೆ ಏನು ಹೋದರೂ ಚಿಂತೆಯಿಲ್ಲ,” ಅಂತ ಬರೆದಿದ್ದಳು ಡೊರೊತಿ. “ಆ ಗೆರೆಗಳನ್ನು ಮಾತ್ರ ಅಳಿಸಬೇಡ. ನನಗೆ ಅವನು ಉಳಿದಿರುವುದು ಅಲ್ಲೇ.”

ಕಲ್ಮೇಶ ನಿಂತುಬಿಟ್ಟ.

“ಯಾಕ ನಿಂತಿ? ತಿಳೀಲಿಲ್ಲೇನು?”

“ತಿಳೀತ್ರಿ.” ಅವನ ದನಿ ಬಹಳ ಸಣ್ಣದಾಗಿತ್ತು. “ಅಳಿಸಿಬಿಟ್ಟೀನ್ರಿ ಅಕ್ಕೋರ. ಎಲ್ಲಾರೂ ಮಾರಿ ನುಣ್ಣಗ ಆಗ್ಲಿ ಅಂತಾರ. ಯಾರನ್ನೂ ಕೇಳೂದಿಲ್ಲ, ಅಳಿಸಿಬಿಡ್ತೀನಿ. ಅದೂ ರೂಢೀನ ಆಗೇತಿ.”

“ನುಣ್ಣಗ ಮಾಡಿದಿ,” ಅಂದರು ಅಕ್ಕೋರು.

ಬೈದ ಹಾಗಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಉರಿಯಿತು.

ಆ ವಾರ ಊರಿನ ಹಿಟ್ಟಿನ ಗಿರಣಿ ನಿಂತಿತು. ಗಿರಣಿಯ ಫಕೀರಪ್ಪನ ಹೆಂಡತಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಎರಡು ದಿನವಾಗಿತ್ತು. ಅಕ್ಕೋರು ಕೋಲು ಹಿಡಿದು ಎದ್ದರು.

“ನಡಿ. ಫಕೀರಪ್ಪನ್ನ ಮಾತಾಡಿಸಿಕೊಂಡು ಬರೂಣು.”

ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಕಲ್ಮೇಶ ಅವರ ಕೈ ಹಿಡಿದು ನಡೆಸಿಕೊಂಡು ಹೋದ. ದಾರಿಯುದ್ದಕ್ಕೂ, ಅಲ್ಲಿ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ.

ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಫಕೀರಪ್ಪ ಗೋಡೆಗೆ ಒರಗಿ ಕೂತಿದ್ದ. ಅಕ್ಕೋರು ಅವನ ಪಕ್ಕ ಕೂತು, ತಡಕಾಡಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟರು.

“ಏನಾತೋ ಫಕೀರಪ್ಪ?”

ಅಷ್ಟೇ ಅವರು ಹೇಳಿದ್ದು. ಫಕೀರಪ್ಪ ಶುರುಮಾಡಿದ.

“ಮುಂಜಾನೆ ಎದ್ಲ್ರಿ ಅಕ್ಕೋರ. ಚಾ ಮಾಡಿದ್ಲು. ನನಗ ಕೊಟ್ಲು. ತಾನೂ ತಗೊಂಡ್ಲು. ಭಾಳ ಬಿಸಿ ಐತಿ, ಆರಲಿ ಅಂತ ಕಟ್ಟಿ ಮ್ಯಾಲ ಇಟ್ಲು. ನಾ ಗಿರಣಿ ಬಾಗಲಾ ತಗದು ಬರೂದ್ರಾಗ ಅಲ್ಲೇ ಒರಗಿದ್ಲು. ನಿದ್ದಿ ಹತ್ತೇತಿ ಅನ್ಕೊಂಡೆ. ಚಾ ಹಂಗ ಇತ್ತು ನೋಡ್ರಿ. ಆರಿತ್ತು.”

ಅಕ್ಕೋರು ಹೂಂ ಅಂದರು. ಒಂದು ಗಳಿಗೆ ಬಿಟ್ಟು ಕೇಳಿದರು, “ಸಕ್ಕರಿ ಹಾಕಿದ್ದೋ, ಬೆಲ್ಲದ್ದೋ?”

“ಬೆಲ್ಲದ್ರಿ. ಆಕಿಗೆ ಬೆಲ್ಲದ್ದ ಬೇಕು.” ಫಕೀರಪ್ಪನ ಮುಖ ಸಡಿಲಾಯಿತು. ಆಮೇಲೆ ಅವನು ಬೆಲ್ಲದ ಬಗ್ಗೆ, ಆಕೆಯ ತವರಿನ ಬಗ್ಗೆ, ಗಿರಣಿಯ ಸಪ್ಪಳಕ್ಕೆ ಆಕೆ ಮೊದಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದ ಬಗ್ಗೆ ಮಾತಾಡಿದ. ಅಷ್ಟರಲ್ಲಿ ಬೇರೆ ಯಾರೋ ಬಂದರು. ಏನಾತು ಅಂತ ಕೇಳಿದರು. ಫಕೀರಪ್ಪ ಮತ್ತೆ ಮುಂಜಾನೆಯಿಂದ ಶುರುಮಾಡಿದ. ಚಾ, ಕಟ್ಟೆ, ಆರಲಿ ಅಂದದ್ದು, ಎಲ್ಲ ಅದೇ ಮಾತಿನಲ್ಲಿ.

ಕಲ್ಮೇಶ ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ಬೇಕಾಗಲಿಲ್ಲ.

ಏಳುವಾಗ ಅವನ ಬಾಯಿಂದ ರೂಢಿಯಂತೆ “ಬರ್ತೀ...” ಅಂತ ಹೊರಟಿತು. ಅಕ್ಕೋರು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀವಿ ಅನ್ನುವುದಿಲ್ಲ, ಸುಮ್ಮನೆ ಎದ್ದು ಬರುವುದು. ಅದು ಅವನಿಗೂ ಗೊತ್ತಿತ್ತು. ನಾಲಿಗೆಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಅವನು ಕೇಳಿದ.

“ಏನಾತು ಅಂತ ಊರಿಗೆಲ್ಲ ಗೊತ್ತೈತಿ. ಬಂದವರು ಮತ್ತ ಅದನ್ನ ಕೇಳ್ತಾರ, ಅಂವ ಮತ್ತ ಅದನ್ನ ಹೇಳ್ತಾನ. ಯಾಕ್ರಿ ಅಕ್ಕೋರ?”

“ನಮಗ ಗೊತ್ತೈತಿ. ಅವಗ ಇನ್ನೂ ಗೊತ್ತಾಗಿಲ್ಲ.”

ಕಲ್ಮೇಶ ಸ್ವಲ್ಪ ದೂರ ನಡೆದ. ಆಮೇಲೆ ನಡುದಾರಿಯಲ್ಲಿ ನಿಂತ.

“ಏನಾತು?”

“ಅಕ್ಕೋರ, ನಾ ಡೊರೊತಿಗೆ ಮತ್ತ ಬರ್ತೀವಿ ಅಂತ ಬರದಿದ್ದೆ. ಇಂಥ ಅವಕಾಶಕ್ಕ ಕಾಯ್ತೀವಿ ಅಂತ.”

ಅಕ್ಕೋರು ಅವನ ಹೆಗಲ ಮೇಲೆ ಕೈಯಿಟ್ಟರು. ಆಶ್ರಮ ಮುಟ್ಟುವವರೆಗೆ ತೆಗೆಯಲಿಲ್ಲ.

ಕಲ್ಮೇಶ ಮೊದಲಿನ ಫೋಟೋ ತೆಗೆದು ಮತ್ತೆ ಕೂತ. ಅಳಿಸುವುದು ಸುಲಭ, ತರುವುದು ಕಷ್ಟ. ಕಲೆ ಯಾವುದು, ನಗುವಿನ ಗೆರೆ ಯಾವುದು ಅಂತ ಒಂದೊಂದನ್ನೇ ನೋಡಿ ಬಿಡಿಸಿದ. ಬೇರೆ ಕೆಲಸಗಳನ್ನು ಬದಿಗಿಟ್ಟ. ಕೊನೆಗೆ ವಾಲ್ಟರ್ ಕಣ್ಣು ಕಿರಿದು ಮಾಡಿ ನಕ್ಕ.

ಆಮೇಲೆ ಬರೆಯಲು ಕೂತ. ಸ್ವಂತ ಇಂಗ್ಲಿಷಿನಲ್ಲಿ ಬರೆದು ತಂದು ಅಕ್ಕೋರಿಗೆ ಓದಿ ಹೇಳಿದ.

ಅವರು ಹೆಜ್ಜೆಹೆಜ್ಜೆಗೆ ನಿಲ್ಲಿಸಿದರು. ಈ ಶಬ್ದ ಇಲ್ಲಿ ಸಲ್ಲದು. ಈ ವಾಕ್ಯಕ್ಕೆ ತಲೆಯಿದೆ, ಕಾಲಿಲ್ಲ. ಇದನ್ನು ಮುರಿ. ಅದನ್ನು ಮತ್ತೆ ಬರೆ. ಮರುದಿನ ತಂದ. ಆಗಲೂ ಒಪ್ಪಲಿಲ್ಲ. ಕಲ್ಮೇಶ ಬೇಸತ್ತ.

“ಮನಸಿನಿಂದ ಬರದೀನ್ರಿ ಅಕ್ಕೋರ. ಅಲ್ಲಿ ಇಲ್ಲಿ ತಪ್ಪಿದ್ರ ಏನಾತು?”

“ಮನಸು ನಿಂದು. ಓದೂ ತ್ರಾಸು ಆಕಿದು,” ಅಂದರು ಅಕ್ಕೋರು. “ಅತ್ತು ಅತ್ತು ಕಣ್ಣು ಸೋತಿರತಾವ. ನಿನ್ನ ವಾಕ್ಯ ಬಿಡಿಸಿ ತಿಳ್ಕೊಳ್ಳೂ ಕೆಲಸ ಆಕಿಗ್ಯಾಕ ಹಚ್ತಿ? ಎಡವೂದೆಲ್ಲ ಇಲ್ಲೇ ಎಡವು, ನನ್ನ ಮುಂದ.”

ಅವನು ಎಡವಿದ, ತಿದ್ದಿದ, ಮತ್ತೆ ಎಡವಿದ. ಕಡೆಗೆ ಹೀಗೆ ಉಳಿಯಿತು.

“ನಿಮ್ಮ ಪತಿ ತೀರಿಕೊಂಡರು ಅಂತ ನೀವು ಬರೆದಾಗ ನಾನು ಓದಲಿಲ್ಲ. ಉದ್ದದ ಇಂಗ್ಲಿಷಿಗೆ ಅಂಜಿ ಮೊದಲ ಸಾಲು, ಕಡೆಯ ಸಾಲು ಮಾತ್ರ ನೋಡಿದೆ. ನಾನು ಕಳಿಸಿದ ಉತ್ತರ ನನ್ನ ಮಾತಲ್ಲ, ಎಲ್ಲರಿಗೂ ಕಳಿಸುವ ಮಾತು. ತಪ್ಪಾಯಿತು. ಈಗ ಪೂರ್ತಿ ಓದಿದ್ದೇನೆ. ನಾನು ಅಳಿಸಿದ ಗೆರೆಗಳನ್ನು ತಿರುಗಿ ತಂದಿದ್ದೇನೆ. ಮಳೆಯಲ್ಲಿ ಓಡಿ ಬರುವವರಿಗೆ ಅವರು ಬಸ್ಸು ನಿಲ್ಲಿಸುತ್ತಿದ್ದರು ಅಂತ ನಮ್ಮ ಊರಿನ ಒಬ್ಬ ಅಕ್ಕೋರಿಗೂ ಈಗ ಗೊತ್ತು. ಅವರ ಬಗ್ಗೆ ಇನ್ನೂ ಹೇಳಬೇಕು ಅನಿಸಿದರೆ ಹೇಳಿ. ಎಷ್ಟು ಉದ್ದವಿದ್ದರೂ ಓದುತ್ತೇನೆ.”

“ಕಡೀಕ?” ಅಂದರು ಅಕ್ಕೋರು.

“ಕಡೀಕ ಬರೇ ನನ್ನ ಹೆಸರು ಐತ್ರಿ.”

“ನಿಮ್ಮವರು ಏನೋ ಹಚ್ತಾರಲ್ಲ, ಕಾಯ್ತಿರ್ತೀವಿ ಅಂತ.”

“ಆ ಮನಿಯಿಂದ ಬರೂ ಮುಂದ ಬರ್ತೀವಿ ಅನ್ನಂಗಿಲ್ಲಲ್ರಿ.”

ಅಕ್ಕೋರು ಅವನ ತಲೆ ಹುಡುಕಿ ಅದರ ಮೇಲೆ ಕೈಯಿಟ್ಟರು.

“ಕಳಿಸು.”

ಕಳಿಸಿದ. ಉತ್ತರ ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ಕಳೆಯಿತು. ನದಿಯ ನೀರು ಮೆಟ್ಟಿಲು ಬಿಟ್ಟು ಕೆಳಗಿಳಿಯಿತು. ಫಕೀರಪ್ಪನ ಗಿರಣಿ ಮತ್ತೆ ಶುರುವಾಯಿತು. ಕಲ್ಮೇಶ ಈಗ ಯಾರ ಸಂದೇಶ ಬಂದರೂ ಮೊದಲಿನಿಂದ ಕಡೆಯವರೆಗೆ ಓದುತ್ತಿದ್ದ. ತಿಳಿಯದಿದ್ದರೆ ತಿಳಿಯಲಿಲ್ಲ ಅಂತಲೇ ಬರೆದು ಕೇಳುತ್ತಿದ್ದ. ನಿನ್ನ ಇಂಗ್ಲಿಷ್ ಬಹಳ ಸುಧಾರಿಸಿದೆ ಅಂತ ಹಳೆಯ ಗಿರಾಕಿಯೊಬ್ಬ ಮೆಚ್ಚಿಕೊಂಡ. ಅವನಿಗೆ ಅದರಲ್ಲಿ ಸುಖವೆನಿಸಲಿಲ್ಲ. ಬೇಕಾದದ್ದು ಒಬ್ಬಳ ಉತ್ತರ. ಬೈದರೂ ಸರಿ, ಕ್ಷಮಿಸಿದರೂ ಸರಿ.

ಒಂದು ಮಧ್ಯಾಹ್ನ ಅವನು ಓಡುತ್ತ ಆಶ್ರಮಕ್ಕೆ ಬಂದ. ಅಕ್ಕೋರು ಬೇವಿನ ಮರದ ಕಟ್ಟೆಯ ಮೇಲಿದ್ದರು. ಅವರ ಕಾಲ ಬಳಿ ಕುಸಿದು ಕೂತ.

“ಬಂತೇನು?”

“ಬಂತ್ರಿ. ಮಗಳು ಬರದಾಳ.” ಕಲ್ಮೇಶ ಬಿಕ್ಕಿದ. “ಡೊರೊತಿ ಹೋಗಿಬಿಟ್ಟಾಳ್ರಿ ಅಕ್ಕೋರ. ನಾ ಬರದಿದ್ದು ಮುಟ್ಟೂ ಮೊದಲ ಅವ್ವ ತೀರಿಕೊಂಡ್ಲು ಅಂತ ಬರದಾಳ.”

ಅಕ್ಕೋರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಿಂದಲೇ ನೀರಿಳಿಯಿತು. ಅವರೂ ಅಷ್ಟು ದಿನ ಆ ಹೆಣ್ಣುಮಗಳ ಮಾತು ಕೇಳಿದವರಲ್ಲವೇ. ಮುಖ ನೋಡದಿದ್ದರೂ ಒಬ್ಬ ಗೆಳತಿ ಹೋದ ಹಾಗಾಯಿತು.

“ನಾ ಇಷ್ಟೆಲ್ಲ ಯಾರ ಸಲುವಾಗಿ ಕಲಿತೆನ್ರಿ?” ಅಂದ ಕಲ್ಮೇಶ. “ಆಕಿ ನನ್ನ ಮ್ಯಾಲ ಬೇಜಾರ ಇಟ್ಕೊಂಡ ಹೋದ್ಲು. ಆಕಿ ಕಡೀಕ ನೋಡಿದ್ದು ಆ ನುಣ್ಣನ ಮಾರಿ. ಇನ್ ಯಾರಿಗೆ ಹೇಳ್ಲಿ ತಪ್ಪ ಆತು ಅಂತ? ಯಾರಿಗೆ ಬೇಕ್ರಿ ಈ ಇಂಗ್ಲಿಷ್?”

ಅಕ್ಕೋರು ಅವನನ್ನು ಅಳಲು ಬಿಟ್ಟರು. ಬೇವಿನ ಎಲೆ ಉದುರುತ್ತಿದ್ದವು. ಅವನ ಅಳು ತಗ್ಗಿದ ಮೇಲೆ ಮೆಲ್ಲಗೆ ಕೇಳಿದರು.

“ಆ ಮಗಳ ಹೆಸರೇನು?”

ಕಲ್ಮೇಶ ತಲೆಯೆತ್ತಿದ.

“ಗೊತ್ತಿಲ್ರಿ.”

“ಅವ್ವಗ ಏನಾಗಿತ್ತಂತ?”

“ಗೊತ್ತಿಲ್ರಿ.”

“ಫೋಟೋ ನೋಡಿ ಏನಂದಾಳ?”

ಅವನು ಕೈಯಲ್ಲಿದ್ದ ಫೋನಿನ ಕಡೆ ನೋಡಿದ. ಸಂದೇಶ ಉದ್ದವಾಗಿತ್ತು, ಡೊರೊತಿಯದಕ್ಕಿಂತಲೂ ಉದ್ದ.

“ಅಕ್ಕೋರ,” ಅಂದ, “ನಾ ಮೊದಲನೇ ಸಾಲು ಓದಿ ಓಡಿ ಬಂದೀನಿ.”

ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸರಿದು ಕಟ್ಟೆಯ ಮೇಲೆ ಅವನಿಗೆ ಜಾಗ ಮಾಡಿದರು.

“ಕುಂದ್ರು ತಮ್ಮಾ. ಆ ಮಗಳು ಇನ್ನೂ ಮಾತಾಡಾಕತ್ತಾಳ. ಓದು.”